ಈ ಬಾಕ್ಸ್‌ಗೆ ಏನೇನು ಗೊತ್ತು?

ಪ್ರಶ್ನೆ: ನಾನು ಕಂಪ್ಯೂಟರ್ ಸೈನ್ಸ್ ಬಿ.ಇ. ಐದನೇ ಸೆಮಿಸ್ಟರ್ ಓದುತ್ತಿದ್ದೇನೆ. ಕಂಪ್ಯೂಟರ್ ನೆಟ್‌ವರ್ಕ್ಸ್ ವಿಷಯದ ಇಂಟರ್ನಲ್ಸ್‌ನಲ್ಲಿ ಒಳ್ಳೆ ಅಂಕ ಬಂದಿದೆ. ನೆಟ್‌ವರ್ಕ್ ಕೆಲಸವನ್ನು ಹಂತಹಂತವಾಗಿ ವಿಂಗಡಿಸುವ ಏಳು ಲೇಯರ್‌ಗಳ ಹೆಸರನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಆದರೆ ಮೊನ್ನೆ ಮನೆಯಲ್ಲಿ ವೈಫೈ ಕೈಕೊಟ್ಟಾಗ ಅಪ್ಪ "ನೀನು ಓದ್ತಿರೋದು ಇದನ್ನೇ ಅಲ್ವಾ, ನೋಡು" ಅಂದರು. ರೌಟರ್ ಆಫ್ ಮಾಡಿ ಆನ್ ಮಾಡೋದು ಬಿಟ್ಟು ನನಗೆ ಏನೂ ತೋಚಲಿಲ್ಲ. ಬೇಸಿಕ್ಸ್ ಗಟ್ಟಿಯಾಗಿ ಕಲಿಯೋದು ಹೇಗೆ? ಈಗಲೇ ಸಿಸಿಎನ್‌ಎ (ಸಿಸ್ಕೊ ಕಂಪನಿಯ ನೆಟ್‌ವರ್ಕ್ ಪ್ರಮಾಣಪತ್ರ ಪರೀಕ್ಷೆ) ಮಾಡಬೇಕಾ? (ವಿದ್ಯಾರ್ಥಿನಿ, ಹಾಸನ)

ಉತ್ತರ: ಆಫ್ ಮಾಡಿ ಆನ್ ಮಾಡಿದ್ದಕ್ಕೆ ನಾಚಿಕೆ ಬೇಡ. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿರುವ ನಾನೂ ಎಷ್ಟೋ ಸಲ ಮೊದಲು ಮಾಡೋದು ಅದನ್ನೇ. ಆದರೆ ಅದು ಯಾಕೆ ಸರಿಹೋಯಿತು ಅಂತ ಗೊತ್ತಾಗದಿದ್ದರೆ ಆ ದಿನ ಊಟ ರುಚಿಸುವುದಿಲ್ಲ, ಅಷ್ಟೇ.

ಕಾಲೇಜಿನಲ್ಲಿ ನೆಟ್‌ವರ್ಕ್ ಪಾಠ ಮಾಡುವಾಗ ಬೋರ್ಡ್ ಮೇಲೆ ಇಡೀ ಚಿತ್ರ ಬರೆಯುತ್ತಾರೆ. ಇಲ್ಲಿ ನಿಮ್ಮ ಲ್ಯಾಪ್‌ಟಾಪ್, ಅಲ್ಲಿ ಸರ್ವರ್, ನಡುವೆ ನಾಲ್ಕು ರೌಟರ್. ನೋಡುವ ನಮಗೆ ಎಲ್ಲವೂ ಒಟ್ಟಿಗೆ ಕಾಣುತ್ತದೆ. ನಿಜವಾದ ನೆಟ್‌ವರ್ಕ್‌ನಲ್ಲಿ ಆ ಚಿತ್ರ ಯಾರ ಹತ್ತಿರವೂ ಇಲ್ಲ. ಸ್ವಿಚ್, ರೌಟರ್, ಫೈರ್‌ವಾಲ್ ಎಲ್ಲಕ್ಕೂ ನಾವು ಕೆಲಸದಲ್ಲಿ ಬಾಕ್ಸ್ ಅಂತಲೇ ಅನ್ನೋದು. ಒಂದೊಂದು ಬಾಕ್ಸ್‌ಗೂ ಗೊತ್ತಿರೋದು ತೀರಾ ಕಡಿಮೆ: ಈಗ ತಾನೇ ಬಂದ ಒಂದು ಪ್ಯಾಕೆಟ್ (ಡೇಟಾದ ತುಂಡು), ತನ್ನ ಹತ್ತಿರ ಇರುವ ಒಂದು ಟೇಬಲ್. (ದಾರಿ ಹುಡುಕಲು ರೌಟರ್‌ಗಳು ತಮ್ಮಲ್ಲೇ ಮಾತಾಡಿಕೊಳ್ಳುವ ಓಎಸ್‌ಪಿಎಫ್ ಅನ್ನೋ ವಿಧಾನ ಓಡಿಸುವ ರೌಟರ್‌ಗೆ ತನ್ನ ಏರಿಯಾದ ನಕ್ಷೆ ಇರುತ್ತದೆ, ನಿಜ. ಅದರಾಚೆಗೆ ಅದಕ್ಕೂ ಪೂರ್ತಿ ಗೊತ್ತಿಲ್ಲ.) ಹಾಗಾಗಿ ಏನೇ ಓದಿದರೂ, ಏನೇ ಕೆಟ್ಟರೂ, ಒಂದು ಪ್ರಶ್ನೆ ಕೇಳಿಕೊಳ್ಳಿ. ಈ ಬಾಕ್ಸ್‌ಗೆ ಈಗ ಏನೇನು ಗೊತ್ತು? ನನ್ನ ಹತ್ತಿರ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಕಲಿಸೋದೂ ಇದನ್ನೇ.

ಒಂದು ಸಂಜೆ ಬಿಡುವು ಮಾಡಿಕೊಂಡು ವೈರ್‌ಶಾರ್ಕ್ ಹಾಕಿಕೊಳ್ಳಿ. ಇದು ಹೋಗಿ ಬರುವ ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ತಂತ್ರಾಂಶ. 1998ರಲ್ಲಿ ಈಥರಿಯಲ್ ಅನ್ನೋ ಹೆಸರಲ್ಲಿ ಶುರುವಾಯಿತು, 2006ರಲ್ಲಿ ಹೆಸರು ಬದಲಾಯಿತು. ಪುಕ್ಕಟೆ ಸಿಗುತ್ತದೆ. ನಿಮ್ಮ ಸ್ವಂತ ಲ್ಯಾಪ್‌ಟಾಪ್, ನಿಮ್ಮ ಮನೆಯ ನೆಟ್, ಅಷ್ಟರಲ್ಲೇ ಇದನ್ನು ಓಡಿಸಿ. ಹಾಸ್ಟೆಲ್ ವೈಫೈನಲ್ಲಿ ಬೇರೆಯವರ ಟ್ರಾಫಿಕ್ ಹಿಡಿಯಲು ಹೋಗಬೇಡಿ, ಅದು ಕಾನೂನಿನ ತಂಟೆಗೂ ಹೋಗಬಹುದು. ಆದಷ್ಟೂ ವೈಫೈ ಬಿಟ್ಟು ಕೇಬಲ್ ಹಾಕಿಕೊಳ್ಳಿ. ಲ್ಯಾಪ್‌ಟಾಪ್ ವಿಳಾಸ 192.168.1.7, ಮನೆಯ ರೌಟರ್ 192.168.1.1 ಅಂತ ಇಟ್ಟುಕೊಳ್ಳೋಣ. ಎಆರ್‌ಪಿ ಟೇಬಲ್ (ಯಾವ ಐಪಿ ವಿಳಾಸಕ್ಕೆ ಯಾವ ಮ್ಯಾಕ್, ಅಂದರೆ ನೆಟ್‌ವರ್ಕ್ ಕಾರ್ಡ್‌ನ ವಿಳಾಸ ಅನ್ನೋ ಪಟ್ಟಿ) ಅಳಿಸಿ, ಕ್ಯಾಪ್ಚರ್ ಶುರು ಮಾಡಿ, ಗೂಗಲ್‌ನ ಸರ್ವರ್ 8.8.8.8ಕ್ಕೆ ಪಿಂಗ್ ಕೊಡಿ, ಅಂದರೆ "ಇದ್ದೀಯಾ?" ಅಂತ ಕೇಳಿ.

ಪಿಂಗ್ ಕೊಟ್ಟಿರಿ, ಆದರೆ ಮೊದಲು ಕಾಣೋದು ಪಿಂಗ್ ಅಲ್ಲ! ಒಂದು ಎಆರ್‌ಪಿ ಕೂಗು. "192.168.1.1 ಯಾರ ಹತ್ತಿರ ಇದೆ? 192.168.1.7ಗೆ ಹೇಳಿ" ಅನ್ನೋ ಅರ್ಥದ ಸಾಲು. ಯಾಕೆ ಹೀಗೆ? ಲ್ಯಾಪ್‌ಟಾಪ್ ತನ್ನ ಮಾಸ್ಕ್ (ವಿಳಾಸದ ಎಷ್ಟು ಭಾಗ ನೆಟ್‌ವರ್ಕ್‌ನದು ಅಂತ ಹೇಳುವ ಸಂಖ್ಯೆ) ಹಾಕಿ ನೋಡಿತು. 8.8.8.8 ತನ್ನ ನೆಟ್‌ವರ್ಕ್ ಒಳಗಿಲ್ಲ ಅಂತ ಗೊತ್ತಾಯಿತು. ಹಾಗಾದರೆ ಗೇಟ್‌ವೇಗೆ, ಅಂದರೆ ಮನೆಯ ರೌಟರ್‌ಗೆ ಕೊಡಬೇಕು. ಗೇಟ್‌ವೇಯ ಐಪಿ ಗೊತ್ತು, ಮ್ಯಾಕ್ ವಿಳಾಸ ಗೊತ್ತಿಲ್ಲ. ಅದಕ್ಕೇ ಕೂಗು.

ವಠಾರದ ಗೇಟ್ ಹತ್ತಿರ ನಿಂತು "ಇಲ್ಲಿ ಪದ್ಮಮ್ಮ ಯಾರ್ರೀ?" ಅಂತ ಕೂಗಿದ ಹಾಗೆ ಇದು. ಎಲ್ಲಾ ಮನೆಗೂ ಕೇಳಿಸುತ್ತದೆ, ಪದ್ಮಮ್ಮ ಒಬ್ಬರೇ ಆಚೆ ಬರುತ್ತಾರೆ. ಕೂಗಿದವರಿಗೆ ಪದ್ಮಮ್ಮನ ಗುರುತಿಲ್ಲ. ಬೇರೆ ಯಾರೋ "ನಾನೇ" ಅಂದರೂ ನಂಬಬೇಕು. 1982ರಲ್ಲಿ ಎಆರ್‌ಪಿಯನ್ನು ಬರೆದಿಟ್ಟಾಗ ಅದರೊಳಗೆ ಈ ಸುಳ್ಳನ್ನು ಹಿಡಿಯುವ ಏರ್ಪಾಡು ಇರಲಿಲ್ಲ, ಈಗಲೂ ಇಲ್ಲ. ಎಆರ್‌ಪಿ ಸ್ಪೂಫಿಂಗ್ ಅಂತ ಸೆಕ್ಯುರಿಟಿ ಪಾಠದಲ್ಲಿ ಮುಂದೆ ಓದುತ್ತೀರಲ್ಲ, ಅದು ಇಷ್ಟೇ. ಲ್ಯಾಪ್‌ಟಾಪ್‌ಗೆ ಏನು ಗೊತ್ತು ಅಂತ ಕೇಳಿಕೊಂಡವರಿಗೆ ಆ ಪಾಠ ಓದೋ ಮುಂಚೆಯೇ ಹೊಳೆದಿರುತ್ತದೆ.

ಈಗ ಅಳತೆಗಳನ್ನು ನೋಡಿ. ನೀವು ಕಳಿಸಿದ ಎಆರ್‌ಪಿ 42 ಬೈಟ್ ಅಂತ ತೋರಿಸುತ್ತದೆ, ಬಂದ ಉತ್ತರ 60 ಬೈಟ್. ಒಂದೇ ಬಗೆಯ ಪ್ಯಾಕೆಟ್, ಅಳತೆ ಬೇರೆ. ಈಥರ್ನೆಟ್ ಫ್ರೇಮ್ (ಕೇಬಲ್ ಮೇಲೆ ಹೋಗುವಾಗ ಪ್ಯಾಕೆಟ್‌ಗೆ ಹಾಕುವ ಹೊದಿಕೆ ಸಮೇತ) ಕಡಿಮೆ ಅಂದರೂ 64 ಬೈಟ್ ಇರಬೇಕು, ಅದರಲ್ಲಿ ಕೊನೆಯ 4 ಬೈಟ್ ತಪ್ಪು ಹಿಡಿಯುವ ಚೆಕ್. ಅದು ಸಾಮಾನ್ಯವಾಗಿ ವೈರ್‌ಶಾರ್ಕ್‌ಗೆ ಸಿಗುವುದಿಲ್ಲ, ಆದ್ದರಿಂದ 60. ಹೊರಗೆ ಹೋಗೋದನ್ನು ವೈರ್‌ಶಾರ್ಕ್ ನೋಡೋದು ಕಾರ್ಡ್‌ಗೆ ಹೋಗೋ ಮುಂಚೆ. ಸೊನ್ನೆ ತುಂಬಿ ಉದ್ದ ಮಾಡುವ ಕೆಲಸ ಆಮೇಲೆ ನಡೆಯುತ್ತದೆ. ಆಮೇಲೆ ಪಿಂಗ್ ಬರುತ್ತದೆ: ವಿಂಡೋಸ್‌ನಲ್ಲಿ 74 ಬೈಟ್. ಈಥರ್ನೆಟ್ ಹೆಡರ್ 14, ಐಪಿ 20, ಪಿಂಗ್‌ನದೇ ಹೆಡರ್ ಆದ ಐಸಿಎಂಪಿ 8, ಒಳಗಿನ ಸರಕು 32. ಕೂಡಿ ನೋಡಿ. ಸರಕು ಏನು ಅಂತಲೂ ತೆಗೆದು ನೋಡಿ, ಇಂಗ್ಲಿಷ್ ಎಬಿಸಿಡಿ! ಡಬ್ಲ್ಯು ತನಕ ಹೋಗಿ ಮತ್ತೆ ಎ ಇಂದ ಶುರು. ಲಿನಕ್ಸ್‌ನಲ್ಲಾದರೆ ಸರಕು 56, ಒಟ್ಟು 98. ಹೆಡರ್ ಅಂದರೇನು, ಎನ್‌ಕ್ಯಾಪ್ಸುಲೇಷನ್ (ಒಂದರೊಳಗೆ ಒಂದು ಸುತ್ತೋದು) ಅಂದರೇನು ಅಂತ ಹತ್ತು ಅಂಕದ ಪ್ರಶ್ನೆಗೆ ನೀವು ಎರಡು ಪುಟ ಬರೆದಿರಬಹುದು. ಈ 74 ಅನ್ನು ಒಂದು ಸಲ ಸ್ವಂತ ಕೈಯಲ್ಲಿ ಕೂಡಿದರೆ ಅದು ಮತ್ತೆ ಮರೆಯುವುದಿಲ್ಲ.

ಇನ್ನೊಂದು ವಿಷಯ ಅಲ್ಲೇ ಕಾಣುತ್ತದೆ. ಪಿಂಗ್ ಹೋಗುತ್ತಿರೋದು 8.8.8.8ಕ್ಕೆ, ಆದರೆ ಫ್ರೇಮ್ ಮೇಲಿನ ಮ್ಯಾಕ್ ವಿಳಾಸ ನಿಮ್ಮ ಮನೆಯ ರೌಟರಿನದು. ಐಪಿ ಇರುವಾಗ ಮ್ಯಾಕ್ ಯಾಕೆ, ಎರಡೆರಡು ವಿಳಾಸ ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. ಶಿರಸಿಯಿಂದ ಮೈಸೂರಿಗೆ ಹೊರಟವರು ಶಿವಮೊಗ್ಗದಲ್ಲಿ ಒಂದು ಸಲ, ಅರಸೀಕೆರೆಯಲ್ಲಿ ಇನ್ನೊಂದು ಸಲ ಬಸ್ ಬದಲಿಸಬಹುದು. ಬಸ್ ಬದಲಾಗುತ್ತದೆ, ಹೋಗಬೇಕಾದ ಊರು ಬದಲಾಗುವುದಿಲ್ಲ. ಐಪಿ ಆ ಊರು. ಮ್ಯಾಕ್ ಈಗ ಹತ್ತಿರುವ ಬಸ್. (ನಡುವೆ ನ್ಯಾಟ್, ಅಂದರೆ ಹಲವರನ್ನು ಒಂದೇ ಐಪಿ ಹಿಂದೆ ಕೂರಿಸುವ ಏರ್ಪಾಡು ಬಂದರೆ ಐಪಿಯೂ ಬದಲಾಗುತ್ತದೆ, ಹಾಗಾಗಿ ಈ ಹೋಲಿಕೆಯನ್ನು ಜಾಸ್ತಿ ದೂರ ಎಳೆಯಬೇಡಿ. ನಿಮ್ಮ ಮೊಬೈಲ್ ಡೇಟಾದ ಐಪಿ ನೋಡಿ. 100.64 ಇಂದ 100.127ರ ಒಳಗೆ ಶುರುವಾಗಿದ್ದರೆ ನೀವು ಮೊಬೈಲ್ ಕಂಪನಿಯ ದೊಡ್ಡ ನ್ಯಾಟ್ ಹಿಂದೆ ಕೂತಿದ್ದೀರಿ.)

ಬಾಕ್ಸ್‌ಗೆ ಗೊತ್ತಿಲ್ಲದ್ದು ಎಷ್ಟು ಅನಾಹುತ ಮಾಡುತ್ತದೆ ಅನ್ನೋದು ನನಗೆ ತಲೆಗೆ ಇಳಿದದ್ದು ಒಂದು ಕಾಲೇಜಿನ ಲ್ಯಾಬ್‌ನಲ್ಲಿ. ಶನಿವಾರ ಫೋನ್ ಬಂತು: ಇಡೀ ಮಹಡಿಯ ನೆಟ್ ಹೋಗಿದೆ. ಹೋಗಿ ನೋಡಿದರೆ ಸ್ವಿಚ್‌ನ ಎಲ್ಲಾ ದೀಪಗಳೂ ದೀಪಾವಳಿ ಸೀರಿಯಲ್ ಸೆಟ್ ಹಾಗೆ ಒಟ್ಟಿಗೆ ಪಟಪಟ ಹೊಡೆದುಕೊಳ್ಳುತ್ತಿವೆ. ಯಾರೋ ಕಸ ಗುಡಿಸುವಾಗ ಒಂದು ಕೇಬಲ್ ತುದಿ ನೇತಾಡುತ್ತಿರೋದು ನೋಡಿ, ಬಿಚ್ಚಿ ಹೋಗಿದೆ ಪಾಪ ಅಂತ ಖಾಲಿ ಪೋರ್ಟ್‌ಗೆ ಸಿಕ್ಕಿಸಿದ್ದರು. ಅದರ ಇನ್ನೊಂದು ತುದಿಯೂ ಅದೇ ಸ್ವಿಚ್‌ನಲ್ಲಿತ್ತು.

ಆಮೇಲೆ ಏನಾಯಿತು ನೋಡಿ. ಯಾವುದೋ ಕಂಪ್ಯೂಟರ್ ಒಂದು ಎಆರ್‌ಪಿ ಕೂಗು ಹಾಕಿತು. ಹೀಗೆ ಎಲ್ಲರಿಗೂ ಹಾಕಿದ ಕೂಗು, ಅಂದರೆ ಬ್ರಾಡ್‌ಕಾಸ್ಟ್ ಬಂದರೆ ಬಂದ ಪೋರ್ಟ್ ಬಿಟ್ಟು ಉಳಿದ ಎಲ್ಲಕ್ಕೂ ಕಳಿಸೋದು ಸ್ವಿಚ್‌ನ ಧರ್ಮ. ಕಳಿಸಿತು. ಅದರಲ್ಲೊಂದು ಆ ಕೇಬಲ್ ಸುತ್ತಿ ಇನ್ನೊಂದು ಪೋರ್ಟ್‌ನಲ್ಲಿ ವಾಪಸ್ ಬಂತು. "ಇದನ್ನು ಆಗಲೇ ನೋಡಿದ್ದೇನೆ" ಅನ್ನಲು ಸ್ವಿಚ್‌ಗೆ ನೆನಪಿಲ್ಲ. ಮತ್ತೆ ಎಲ್ಲಕ್ಕೂ ಕಳಿಸಿತು. ಐಪಿ ಹೆಡರ್‌ನಲ್ಲಿ ಟಿಟಿಎಲ್ ಅನ್ನೋ ಎಣಿಕೆ ಇದೆ, ಪ್ರತಿ ರೌಟರ್ ಒಂದು ಕಳೆಯುತ್ತದೆ, ಸೊನ್ನೆಯಾದರೆ ಪ್ಯಾಕೆಟ್ ಸಾಯುತ್ತದೆ. ಈಥರ್ನೆಟ್ ಫ್ರೇಮ್‌ನಲ್ಲಿ ಅಂಥದ್ದೇನೂ ಇಲ್ಲ. ಅದು ಸಾಯುವುದೇ ಇಲ್ಲ, ಸುತ್ತುತ್ತಲೇ ಇರುತ್ತದೆ, ಹೊಸ ಕೂಗುಗಳು ಬಂದು ಸೇರುತ್ತಲೇ ಇರುತ್ತವೆ. ಇದಕ್ಕೆ ಮದ್ದಾಗಿ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ರೇಡಿಯಾ ಪರ್ಲ್‌ಮನ್ 1985ರಲ್ಲಿ ಸ್ಪ್ಯಾನಿಂಗ್ ಟ್ರೀ ವಿಧಾನ ಕೊಟ್ಟರು. ಸ್ವಿಚ್‌ಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಸುತ್ತು ಬರುವ ದಾರಿಯನ್ನು ಮುಚ್ಚುತ್ತವೆ. ಆ ಲ್ಯಾಬ್‌ನಲ್ಲಿದ್ದದ್ದು ಅಗ್ಗದ ಸ್ವಿಚ್, ಅದರಲ್ಲಿ ಇದು ಇರಲಿಲ್ಲ. ಕೇಬಲ್ ಕಿತ್ತೆ, ಎರಡು ಸೆಕೆಂಡಿನಲ್ಲಿ ಎಲ್ಲಾ ಸರಿ. ಆ ಗೋಡೆಯ ಮೇಲೇ ಏಳು ಲೇಯರ್‌ಗಳ ಬಣ್ಣದ ಚಾರ್ಟ್ ನೇತು ಹಾಕಿದ್ದರು.

ಆ ಏಳು ಲೇಯರ್ ಬಗ್ಗೆ ಹೇಳಿಬಿಡುತ್ತೇನೆ. ಅವನ್ನು ಹೇಳುವ ಓಎಸ್‌ಐ ಮಾದರಿ ಅಂತರರಾಷ್ಟ್ರೀಯ ಮಾನದಂಡವಾಗಿ ಬಂದದ್ದು 1984ರಲ್ಲಿ. ಅಷ್ಟರಲ್ಲಿ ಇಂಟರ್ನೆಟ್‌ನ ಹಿಂದಿನ ರೂಪವಾದ ಅರ್ಪಾನೆಟ್ 1983ರ ಜನವರಿ 1ಕ್ಕೇ ಈಗಿನ ಇಂಟರ್ನೆಟ್‌ನ ನಿಯಮಗಳಾದ ಟಿಸಿಪಿ/ಐಪಿಗೆ ಬದಲಾಗಿತ್ತು. ಇಂಟರ್ನೆಟ್ ಬೆಳೆದದ್ದು ಆ ಕಡೆ, ನಮಗೆ ಉಳಿದದ್ದು ಈ ಕಡೆಯ ಲೇಯರ್ ನಂಬರುಗಳು. ಪರೀಕ್ಷೆಗೆ ಬರೆಯಿರಿ, ಬೇಡ ಅನ್ನಲ್ಲ. ಕೆಲಸದಲ್ಲೂ "ಇದು ಎಲ್ 2 ಪ್ರಾಬ್ಲಂ", "ಎಲ್ 7 ಲೋಡ್ ಬ್ಯಾಲೆನ್ಸರ್" ಅಂತ ದಿನಾ ಮಾತಾಡುತ್ತೇವೆ. ಆದರೆ ಐದು (ಸೆಷನ್) ಮತ್ತು ಆರರ (ಪ್ರೆಸೆಂಟೇಷನ್) ಹೆಸರು ಆಫೀಸಿನಲ್ಲಿ ಯಾರ ಬಾಯಲ್ಲೂ ನಾನು ಕೇಳಿದ್ದೇ ಅಪರೂಪ.

ಹಾಗಂತ ಡೇಟಾದ ರೂಪ ನೋಡಿಕೊಳ್ಳುವ ಆರನೇ ಲೇಯರಿನ ತೊಂದರೆ ಇಲ್ಲವೇ ಇಲ್ಲ ಅಂತಲ್ಲ. ನಿಮ್ಮ ಲ್ಯಾಬ್‌ನಲ್ಲಿ ಜಾವಾದಲ್ಲಿ ಟಿಸಿಪಿ ಕ್ಲೈಂಟ್ ಸರ್ವರ್ ಬರೆಸುತ್ತಾರಲ್ಲ? ಎಲ್ಲರೂ ಒಂದೇ ಕಂಪ್ಯೂಟರಿನಲ್ಲಿ ಎರಡು ಕಿಟಕಿ ತೆರೆದು ಓಡಿಸಿ, ಔಟ್‌ಪುಟ್ ತೋರಿಸಿ, ಸಹಿ ಹಾಕಿಸಿಕೊಂಡು ಹೋಗುತ್ತಾರೆ. ಆ ಡೇಟಾ ಕೇಬಲ್ ಮುಖವನ್ನೇ ನೋಡಿರುವುದಿಲ್ಲ. ಅದೇ ಪ್ರೋಗ್ರಾಂ ಅನ್ನು ಗೆಳತಿಯ ಲ್ಯಾಪ್‌ಟಾಪ್ ಜೊತೆ ಓಡಿಸಿ. ಕಳಿಸುವ ಪದ "ಹಲೋ" ಬೇಡ, ಕನ್ನಡದಲ್ಲೇ "ನಮಸ್ಕಾರ" ಅಂತ, ಅಕ್ಷರವನ್ನು ಬೈಟ್ ಮಾಡುವ ಯುಟಿಎಫ್-8 ವಿಧಾನದಲ್ಲಿ ಕಳಿಸಿ. ವೈರ್‌ಶಾರ್ಕ್‌ನಲ್ಲಿ 21 ಬೈಟ್ ಡೇಟಾ ಕಾಣುತ್ತದೆ. ನ, ಮ, ಸ, ಅರ್ಧಾಕ್ಷರದ ಚಿಹ್ನೆ, ಕ, ದೀರ್ಘ, ರ. ಏಳು ತುಂಡು, ಒಂದೊಂದಕ್ಕೆ 3 ಬೈಟ್.

ಈಗ ಸರ್ವರ್ ಕಡೆ ಒಂದು ಸಲಕ್ಕೆ 10 ಬೈಟ್ ಮಾತ್ರ ಓದುವ ಹಾಗೆ ಬದಲಿಸಿ, ಓದಿದ್ದನ್ನು ಆಗಾಗಲೇ ಅಕ್ಷರ ಮಾಡಿ ತೋರಿಸಿ. "ನಮಸ" ಬರುತ್ತದೆ, ಆಮೇಲೆ ಪ್ರಶ್ನೆ ಚಿಹ್ನೆಯ ಕಸ, ನಡುವೆ "ಕಾ", ಮತ್ತೆ ಕಸ. ಹತ್ತನೇ ಬೈಟ್‌ಗೆ ಅರ್ಧಾಕ್ಷರದ ಚಿಹ್ನೆ ಕತ್ತರಿಸಿ ಹೋಯಿತು. ಟಿಸಿಪಿಗೆ ಅಕ್ಷರ ಗೊತ್ತಿಲ್ಲ, ಪದ ಗೊತ್ತಿಲ್ಲ, ಸಂದೇಶ ಎಲ್ಲಿ ಮುಗಿಯಿತು ಅಂತಲೂ ಗೊತ್ತಿಲ್ಲ. ಅದು ಬೈಟ್‌ಗಳನ್ನು ಸಾಲಾಗಿ, ಒಂದೂ ಬಿಡದ ಹಾಗೆ ತಲುಪಿಸುತ್ತದೆ. ಎಲ್ಲಿ ಕತ್ತರಿಸಬೇಕು ಅನ್ನೋದು ನಿಮ್ಮ ಪ್ರೋಗ್ರಾಂ ತಲೆನೋವು. ಕೆಲಸಕ್ಕೆ ಸೇರಿದವರೂ ಇಲ್ಲಿ ಎಡವುತ್ತಾರೆ. ಅವರು ಪರೀಕ್ಷಿಸೋದು ಚಿಕ್ಕ ಇಂಗ್ಲಿಷ್ ಪದ ಹಾಕಿ. ಕನ್ನಡದವರಿಗೆ ಈ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ, ಅದೊಂದು ಲಾಭ.

ಲ್ಯಾಬ್‌ನ ಎನ್‌ಎಸ್‌ 2 ಸಿಮ್ಯುಲೇಟರ್ ಮೇಲೆ ನನಗೆ ಅಷ್ಟೇನೂ ಪ್ರೀತಿ ಇಲ್ಲ. ಅದರ ಕೊನೆಯ ಆವೃತ್ತಿ ಬಂದದ್ದೇ 2011ರಲ್ಲಿ. ಅಂಕಕ್ಕಾಗಿ ಮಾಡಿ, ಮುಗಿಸಿ.

ಟಿಸಿಪಿಯಲ್ಲಿ ನಿಧಾನವಾಗಿ ಓದಬೇಕಾದ ಜಾಗ ಕಂಜೆಷನ್ ಕಂಟ್ರೋಲ್, ಅಂದರೆ ಜಾಮ್ ಆದಾಗ ಕಳಿಸುವ ವೇಗ ತಗ್ಗಿಸೋದು. ಸ್ಲೋ ಸ್ಟಾರ್ಟ್, ಗ್ರಾಫ್ ಏರೋದು ಇಳಿಯೋದು ಅಂತ ಬಾಯಿಪಾಠ ಮಾಡುತ್ತಾರೆ, ಯಾಕೆ ಬಂತು ಅಂತ ಹೇಳುವುದಿಲ್ಲ. 1986ರ ಅಕ್ಟೋಬರ್‌ನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಲ್ಯಾಬ್ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯದ ನಡುವಿನ ಸಂಪರ್ಕ ಸೆಕೆಂಡಿಗೆ 32 ಸಾವಿರ ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ಎರಡೂ ಜಾಗಕ್ಕೆ ಇದ್ದ ದೂರ 400 ಗಜ. ಚೀಟಿ ಬರೆದು ಕೈಯಲ್ಲಿ ಕೊಟ್ಟು ಬಂದಿದ್ದರೆ ಬೇಗ ಆಗುತ್ತಿತ್ತು! ಕಳಿಸುವ ಕಂಪ್ಯೂಟರ್‌ಗೆ ನಡುವೆ ಜಾಮ್ ಆಗಿದೆ ಅಂತ ಗೊತ್ತಿಲ್ಲ. ಉತ್ತರ ಬರಲಿಲ್ಲ, ಮತ್ತೆ ಕಳಿಸಿತು. ಎಲ್ಲರೂ ಮತ್ತೆ ಮತ್ತೆ ಕಳಿಸಿದರು, ಜಾಮ್ ಇನ್ನೂ ಜಾಸ್ತಿ ಆಯಿತು. ಸಿಲ್ಕ್ ಬೋರ್ಡ್ ಹತ್ತಿರ ಸಿಗ್ನಲ್ ಕೆಟ್ಟಾಗ ಎಲ್ಲರೂ ಮುಂದೆ ನುಗ್ಗಿದ ಹಾಗೆ. ಲಾರೆನ್ಸ್ ಬರ್ಕ್ಲಿ ಲ್ಯಾಬ್‌ನ ವ್ಯಾನ್ ಜೇಕಬ್‌ಸನ್ 1988ರಲ್ಲಿ ಕೊಟ್ಟ ಪರಿಹಾರದ ಮೂಲ ಇದು: ಪ್ಯಾಕೆಟ್ ಕಳೆದುಹೋದರೆ ಅದನ್ನೇ ಜಾಮ್‌ನ ಸುದ್ದಿ ಅಂತ ತಿಳಿದು ಹಿಂದೆ ಸರಿ. ನಡುವಿನ ಬಾಕ್ಸ್ ಏನೂ ಹೇಳದಿದ್ದರೂ ತುದಿಯಲ್ಲಿ ಕೂತವನು ಊಹಿಸಿ ನಡೆದುಕೊಳ್ಳೋದು.

ಇದರ ಜೊತೆಗೆ ಒಂದು ಲೆಕ್ಕ ಮಾಡಿ. ಬೆಂಗಳೂರಿಂದ ನ್ಯೂಯಾರ್ಕ್ ನೇರ ದೂರವೇ 13,000 ಕಿಲೋಮೀಟರಿಗೆ ಮೇಲೆ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಹೋಗಿ ಬರಲು 130 ಮಿಲಿಸೆಕೆಂಡಿಗಿಂತ ಕಡಿಮೆ ಆಗಲು ಸಾಧ್ಯವೇ ಇಲ್ಲ. ಕೇಬಲ್ ನೇರ ಹೋಗುವುದಿಲ್ಲವಲ್ಲ, 200 ಅಂತ ಹಿಡಿಯೋಣ. ಟಿಸಿಪಿ ಹೆಡರ್‌ನ ವಿಂಡೋ ಜಾಗ 16 ಬಿಟ್, ಅಂದರೆ ಉತ್ತರ ಬರುವ ತನಕ 65,535 ಬೈಟ್‌ಗಿಂತ ಹೆಚ್ಚು ಕಳಿಸುವಂತಿಲ್ಲ. ಸೆಕೆಂಡಿಗೆ ಐದು ಸುತ್ತು. ಒಟ್ಟು ಸುಮಾರು 2.6 ಮೆಗಾಬಿಟ್. ನೀವು 100 ಮೆಗಾಬಿಟ್‌ನ ಪ್ಲಾನ್ ಹಾಕಿಸಿದ್ದರೂ ಅಷ್ಟೇ, 1,000 ಹಾಕಿಸಿದರೂ ಅಷ್ಟೇ. ಅದಕ್ಕೇ 1992ರಲ್ಲಿ ಈ ಮಿತಿಯನ್ನು ಹಿಗ್ಗಿಸುವ ವಿಂಡೋ ಸ್ಕೇಲಿಂಗ್ ಬಂತು. ಟಿಸಿಪಿ ಸಂಪರ್ಕ ಶುರುವಾಗುವ ಹ್ಯಾಂಡ್‌ಶೇಕ್‌ನ ಸಿನ್ ಪ್ಯಾಕೆಟ್ ಬಿಡಿಸಿ ನೋಡಿ, ಅದರ ಆಪ್ಷನ್‌ಗಳಲ್ಲಿ ಅದು ಕಾಣುತ್ತದೆ. ಬ್ಯಾಂಡ್‌ವಿಡ್ತ್ (ಸೆಕೆಂಡಿಗೆ ಎಷ್ಟು ಡೇಟಾ) ಬೇರೆ, ಲೇಟೆನ್ಸಿ (ತಲುಪಲು ಎಷ್ಟು ಹೊತ್ತು) ಬೇರೆ ಅನ್ನೋದು ಈ ಲೆಕ್ಕದಲ್ಲಿ ತಾನಾಗಿ ಬಿಡಿಸಿಕೊಳ್ಳುತ್ತದೆ.

ನೆಟ್‌ವರ್ಕ್ ಅನ್ನು ಚಿಕ್ಕ ಗುಂಪುಗಳಾಗಿ ಒಡೆಯುವ ಸಬ್‌ನೆಟ್ಟಿಂಗ್‌ಗೆ ಹೆದರುವವರು ಜಾಸ್ತಿ. 192.168.1.130, ಸ್ಲಾಶ್ 26 (ಮೊದಲ 26 ಬಿಟ್ ನೆಟ್‌ವರ್ಕ್‌ನದು) ಅಂದರೆ ಕೊನೆಯ ಭಾಗ 64ರ ಗುಂಪುಗಳಾಗಿ ಒಡೆಯುತ್ತದೆ: 0, 64, 128, 192. 130 ಬೀಳೋದು 128ರಲ್ಲಿ, 191ಕ್ಕೆ ಮುಗಿಯುತ್ತದೆ. ಎರಡು ತುದಿ ಬಿಟ್ಟರೆ 62 ಯಂತ್ರ. ದಿನಾ ಬೆಳಿಗ್ಗೆ ಐದು ಲೆಕ್ಕ ಮಾಡಿದರೆ ಎರಡು ವಾರದಲ್ಲಿ ಬಾಯಲ್ಲೇ ಬರುತ್ತದೆ. ಅದಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ಐಪಿ ಹೆಡರ್ ಪೂರ್ತಿ ಹುಡುಕಿ, ಮಾಸ್ಕ್ ಎಲ್ಲೂ ಸಿಗುವುದಿಲ್ಲ. ಮಾಸ್ಕ್ ಪ್ಯಾಕೆಟ್ ಜೊತೆ ಹೋಗುವುದೇ ಇಲ್ಲ. ಅದು ಆ ಯಂತ್ರ ತನ್ನ ಬಗ್ಗೆ ಇಟ್ಟುಕೊಂಡ ನಂಬಿಕೆ ಮಾತ್ರ. ಎರಡು ಲ್ಯಾಪ್‌ಟಾಪ್‌ಗೆ ನೇರ ಕೇಬಲ್ ಹಾಕಿ, ವೈಫೈ ಆಫ್ ಮಾಡಿ. ಒಂದಕ್ಕೆ 10.0.0.5, ಮಾಸ್ಕ್ 255.255.255.0. ಇನ್ನೊಂದಕ್ಕೆ 10.0.1.6, ಮಾಸ್ಕ್ 255.255.0.0. ಗೇಟ್‌ವೇ ಬೇಡ. ಎರಡೂ ಕಡೆಯಿಂದ ಪಿಂಗ್ ಕೊಡಿ. ಎರಡೂ ಸೋಲುತ್ತವೆ, ಆದರೆ ಒಂದು ಎಆರ್‌ಪಿ ಕೂಗಿ ಸೋಲುತ್ತದೆ, ಇನ್ನೊಂದು ಬಾಯೇ ಬಿಡದೆ ಸೋಲುತ್ತದೆ. ಯಾವುದು ಯಾಕೆ ಅಂತ ನಾನು ಹೇಳುವುದಿಲ್ಲ, ನೀವೇ ಕಂಡುಹಿಡಿಯಿರಿ. ಒಂದು ಎಚ್ಚರಿಕೆ: ಮಾಸ್ಕ್ ಸರಿ ಮಾಡಿದ ಮೇಲೂ ಪಿಂಗ್ ಬರದಿದ್ದರೆ ವಿಂಡೋಸ್ ಫೈರ್‌ವಾಲ್ ನೋಡಿ. ಅದಕ್ಕೆ ಪಿಂಗ್ ಅಂದರೆ ಆಗುವುದಿಲ್ಲ. ನಾನೇ ಅರ್ಧ ದಿನ ಹಾಳು ಮಾಡಿಕೊಂಡಿದ್ದೇನೆ.

ಸಿಸಿಎನ್‌ಎ ಈಗಲೇ ಬೇಡ. ಅದರ ಪ್ರಮಾಣಪತ್ರ ಮೂರು ವರ್ಷಕ್ಕೆ ಮುಗಿಯುತ್ತದೆ, ಫೀಸೂ ಕಡಿಮೆ ಅಲ್ಲ. ಏಳನೇ ಸೆಮಿಸ್ಟರಿನಲ್ಲಿ ಯೋಚಿಸಿ, ಅದೂ ನೆಟ್‌ವರ್ಕ್ ಕೆಲಸಕ್ಕೇ ಹೋಗೋದಾದರೆ. ಆದರೆ ಅದರ ಸಿಲಬಸ್ ಚೆನ್ನಾಗಿದೆ. ಸಿಸ್ಕೊದ ಸಿಮ್ಯುಲೇಟರ್ ಪ್ಯಾಕೆಟ್ ಟ್ರೇಸರ್ ಪುಕ್ಕಟೆ ಹಾಕಿಕೊಂಡು ವಿಲ್ಯಾನ್ (ಒಂದೇ ಸ್ವಿಚ್‌ನಲ್ಲಿ ಹಲವು ನೆಟ್‌ವರ್ಕ್ ಮಾಡೋದು), ಓಎಸ್‌ಪಿಎಫ್ ಅಭ್ಯಾಸ ಮಾಡಿ. ಕ್ಲೌಡ್ ಕಡೆ ಹೋದರೂ ಅಲ್ಲಿ ಕೇಳೋದು ಇದೇ ಸಬ್‌ನೆಟ್, ಇದೇ ರೌಟ್ ಟೇಬಲ್.

ಇನ್ನು ನಿಮ್ಮ ಅಪ್ಪನ ವೈಫೈ. ಮೊದಲು ಲ್ಯಾಪ್‌ಟಾಪ್‌ಗೆ ಐಪಿ ಬಂದಿದೆಯಾ ನೋಡಿ. 169.254 ಇಂದ ಶುರುವಾಗಿದ್ದರೆ ವಿಳಾಸ ಹಂಚುವ ಡಿಎಚ್‌ಸಿಪಿಯಿಂದ ಉತ್ತರವೇ ಬಂದಿಲ್ಲ, ತೊಂದರೆ ಮನೆಯೊಳಗೇ ಇದೆ. ವಿಳಾಸ ಸರಿ ಇದ್ದರೆ ರೌಟರ್‌ಗೆ ಪಿಂಗ್ ಕೊಡಿ. ಅದು ಬಂದರೆ 8.8.8.8ಕ್ಕೆ. ಅಲ್ಲಿಂದಲೂ ಉತ್ತರ ಬಂದು, ವೆಬ್‌ಸೈಟ್ ಮಾತ್ರ ತೆರೆಯದಿದ್ದರೆ ಡಿಎನ್‌ಎಸ್ ಅನುಮಾನಿಸಿ, ಎನ್‌ಎಸ್‌ಲುಕಪ್ ಕಮಾಂಡ್ ಹಾಕಿ ನೋಡಿ. "ನೆಟ್ ಇಲ್ಲ" ಅಂತ ನನಗೆ ಬರುವ ಎಷ್ಟೋ ಫೋನ್‌ಗಳಲ್ಲಿ ನೆಟ್ ಇದ್ದೇ ಇರುತ್ತದೆ, ಹೆಸರನ್ನು ವಿಳಾಸ ಮಾಡಿಕೊಡುವವರು ಇರುವುದಿಲ್ಲ. ರೌಟರ್ ತನಕ ಸರಿ, 8.8.8.8 ಇಲ್ಲ ಅಂದರೆ ನೆಟ್ ಕೊಡುವ ಕಂಪನಿಗೆ ಫೋನ್ ಮಾಡಿ, ಇಷ್ಟನ್ನೂ ನೋಡಿದ್ದೇನೆ ಅಂತ ಹೇಳಿ. ಇಷ್ಟಕ್ಕೆ ಎರಡು ನಿಮಿಷ ಸಾಕು. ಅಷ್ಟು ಹೊತ್ತು ಅಪ್ಪನನ್ನು ರೌಟರ್ ಸ್ವಿಚ್ ಹತ್ತಿರ ಬಿಡಬೇಡಿ. ಆಫ್ ಮಾಡಿಬಿಟ್ಟರೆ ಅದರ ಟೇಬಲ್‌ಗಳೆಲ್ಲ ಅಳಿಸಿಹೋಗುತ್ತವೆ, ಆಮೇಲೆ ಏನಾಗಿತ್ತು ಅಂತ ಅದನ್ನು ಕೇಳಿ ಪ್ರಯೋಜನ ಇಲ್ಲ.